ಭಾವನ ಗೂಳಿಗೆ ಬಂದ ಬೆಲೆ

ನನ್ನ ಗಂಡನ ಅಣ್ಣನಿಗೆ, ಅಂದರೆ ನಮ್ಮ ಭಾವನಿಗೆ, ಬೀದಿಯವರು ಇಟ್ಟ ಹೆಸರು ನಿಧಿಸರ್ಪ. ಇಟ್ಟವರು ಯಾರೋ ಗೊತ್ತಿಲ್ಲ, ಆದರೆ ಅದನ್ನು ಮನೆಮನೆಗೆ ಹಂಚಿದವರು ನಮ್ಮ ಅತ್ತೆ. ಹೆತ್ತ ತಾಯಿಯೇ. ತರಕಾರಿಯವನ ಹತ್ತಿರ ಚೌಕಾಸಿಗೆ ನಿಂತಿದ್ದಾಗ ಯಾರಾದರೂ ದೊಡ್ಡ ಮಗ ಎಲ್ಲಿ ಎಂದು ವಿಚಾರಿಸಿದರೆ, ಅವನು ಹುತ್ತದಲ್ಲಿದ್ದಾನೆ, ಕೈ ಹಾಕೋಕೆ ಹೋಗಬೇಡಿ ಎಂದುಬಿಡುತ್ತಿದ್ದರು.

ಆ ಸರ್ಪ ಕಾಯುತ್ತಿದ್ದ ನಿಧಿ ಒಂದು ಪಿಕಪ್ ಗಾಡಿ. ಮನೆಯ ಮಗ್ಗುಲಿಗೆ ಅಂಟಿಕೊಂಡಂತಿರುವ ತಗಡಿನ ಶೆಡ್ಡಿನಲ್ಲಿ ಅದರ ವಾಸ. ಮೊಂಡು ಮುಖ, ಎತ್ತರದ ಮೈ, ಮುಂದೆ ಇಬ್ಬರು ಕೂರುವಷ್ಟು ಜಾಗ, ಹಿಂದೆ ತೆರೆದ ತೊಟ್ಟಿ. ಎಂಜಿನ್ನು ನಾಲ್ಕೂ ಚಕ್ರಗಳನ್ನು ಎಳೆಯುವುದರಿಂದ ಕಲ್ಲು, ಕೆಸರು, ಹಳ್ಳ ಯಾವುದಕ್ಕೂ ಜಗ್ಗುವುದಿಲ್ಲ. ಆದರೆ ಊರೊಳಗೆ ಓಡಿಸುವವರಿಗೆ ಅದು ಶಿಕ್ಷೆಯೇ. ಸೀಟು ಹಲಗೆಯಂತೆ, ಸ್ಟೀರಿಂಗ್ ತಿರುಗಿಸಲು ಭುಜ ಬೇಕು, ಡೀಸೆಲ್ಲನ್ನು ನೀರು ಕುಡಿದಂತೆ ಕುಡಿಯುತ್ತದೆ. ಹಾಗಾಗಿ ಕಂಪನಿಯವರು ಮಾಡಿದ್ದೂ ಕಡಿಮೆ, ಕೊಂಡವರೂ ಕಡಿಮೆ. ಭಾವ ಅದನ್ನು ಗೂಳಿ ಎಂದು ಕರೆಯುತ್ತಿದ್ದರು. ಹಾಗೆ ಕರೆಯುವಾಗ ಅವರ ದನಿಯಲ್ಲಿ ಬರುತ್ತಿದ್ದ ಮೆದುತನ ಮನೆಯ ಬೇರೆ ಯಾರನ್ನು ಕರೆಯುವಾಗಲೂ ಬರುತ್ತಿರಲಿಲ್ಲ.

ಕೊಂಡದ್ದು ಮಾತ್ರ ದುಡಿಮೆಗೇ. ಊರ ಹೊರಗಿನ ಬೆಟ್ಟಗಳ ಮೇಲಿನ ಫೋನ್ ಟವರುಗಳಿಗೆ ಡೀಸೆಲ್ಲು, ಬ್ಯಾಟರಿ ಒಯ್ದು ಕೊಡುವ ಗುತ್ತಿಗೆ ಭಾವನದಾಗಿತ್ತು. ಮಳೆಗಾಲದಲ್ಲಿ ಉಳಿದವರ ಗಾಡಿಗಳು ಬೆಟ್ಟದ ಬುಡದಲ್ಲೇ ಹೂತು ನಿಂತಾಗ ಗೂಳಿ ಗುರುಗುಟ್ಟುತ್ತ ತುದಿ ಮುಟ್ಟುತ್ತಿತ್ತು. ನಾನು ಈ ಮನೆಗೆ ಬಂದ ಹೊಸತರಲ್ಲಿ ಗಾಡಿಗೆ ಯಾವ ಬಣ್ಣವಿದೆ ಎಂಬುದೇ ನನಗೆ ತಿಳಿದಿರಲಿಲ್ಲ, ಅಷ್ಟು ಕೆಸರು. ನನ್ನ ಮೊದಲ ಮಗು ಹುಟ್ಟಿ ಆಸ್ಪತ್ರೆಯಿಂದ ಮನೆಗೆ ಬಂದದ್ದೂ ಅದರಲ್ಲೇ. ರಸ್ತೆಯ ಉದ್ದಕ್ಕೂ ನೀರು ನಿಂತು ಬಾಡಿಗೆ ಕಾರಿನವರು ಕೈಚೆಲ್ಲಿದ್ದರು. ಭಾವ ಒಂದು ಹೊಂಡವನ್ನೂ ಮೈಗೆ ತಾಗಗೊಡದೆ, ತುಂಬಿದ ಕೊಡವನ್ನು ಸೊಂಟದಲ್ಲಿಟ್ಟು ನಡೆಯುವವರಂತೆ ನಮ್ಮನ್ನು ತಂದಿಳಿಸಿದರು. ಒಳ್ಳೆಯ ಕೈ ಅವರದು. ಅದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಹೇಳುವುದರಲ್ಲಿ ಅವರ ಬಗ್ಗೆ ಒಳ್ಳೆಯದು ಹೆಚ್ಚಿಲ್ಲ.

ಕಂಪನಿಯವರು ಆ ಗಾಡಿ ಮಾಡುವುದನ್ನೇ ನಿಲ್ಲಿಸಿದರು. ಅದಾಗಿ ಕೆಲವು ತಿಂಗಳಿಗೆ ಡೀಸೆಲ್ ಬಂಕಿನಲ್ಲಿ ಯಾರೋ ಅಪರಿಚಿತರು ಗೂಳಿಯ ಸುತ್ತ ಎರಡು ಸುತ್ತು ಹಾಕಿ, ಭಾವ ಕೊಟ್ಟದ್ದಕ್ಕಿಂತ ಹೆಚ್ಚಿಗೆ ಕೊಡುತ್ತೇನೆ, ಮಾರುತ್ತೀರಾ ಎಂದು ಕೇಳಿದರಂತೆ. ಅವತ್ತು ಭಾವ ಮನೆಗೆ ಬಂದವರು ಕೈಕಾಲು ತೊಳೆಯಲಿಲ್ಲ, ಗಾಡಿ ತೊಳೆದರು. ಅದರ ಬಣ್ಣ ಕಡುಹಸಿರು ಎಂದು ನಾನು ನೋಡಿದ್ದು ಅವತ್ತೇ.

ಹೀಗೆ ಆ ಗಾಡಿ ಇದ್ದವರೆಲ್ಲ ಒಬ್ಬರಿಗೊಬ್ಬರು ಫೋನಿನಲ್ಲಿ ಪರಿಚಯವಾಗಿ ಒಂದು ಬಳಗ ಕಟ್ಟಿಕೊಂಡಿದ್ದರು. ಭಾವನೂ ಸೇರಿದರು. ಬಳಗಕ್ಕೆ ಹಿರಿಯರು ಒಬ್ಬ ಹಲ್ಲಿನ ಡಾಕ್ಟರು. ಅವರ ಗಾಡಿಯ ಬಾಗಿಲ ಮೇಲೆ ನಗುವ ಹಲ್ಲಿನ ಚಿತ್ರವಿತ್ತು. ಅದು ಡಾಂಬರು ಬಿಟ್ಟು ಇಳಿದದ್ದನ್ನು ಕಂಡವರಿಲ್ಲ. ಸಿಮೆಂಟ್ ವ್ಯಾಪಾರಿ ಒಬ್ಬರು, ಮದುವೆ ಫೋಟೊ ತೆಗೆಯುವವರೊಬ್ಬರು, ಹೀಗೆ ಇನ್ನೂ ಕೆಲವರು. ವರ್ಷಕ್ಕೊಮ್ಮೆ ಸೇರಿ, ಗಾಡಿಗಳನ್ನು ಸಾಲಾಗಿ ನಿಲ್ಲಿಸಿ, ಉಂಡು, ಆಮೇಲೆ ಡಾಕ್ಟರು ಆ ವರ್ಷದ ಕಟ್ಟುಬೆಲೆ ಸಾರುತ್ತಿದ್ದರು. ಹೊರಗಿನವರು ಯಾರೇ ಕೇಳಲಿ, ಎಲ್ಲರೂ ಅದೊಂದೇ ಬೆಲೆ ಹೇಳಬೇಕು. ಅದಕ್ಕಿಂತ ಕೆಳಗೆ ಯಾರೂ ಮಾರಕೂಡದು. ಒಬ್ಬೊಬ್ಬರೂ ತಮ್ಮ ಗಾಡಿಯ ಬಾನೆಟ್ಟಿನ ಮೇಲೆ ಅಂಗೈ ಊರಿ ಹಾಗೆಂದು ಮಾತು ಕೊಡಬೇಕು. ಬಿಸಿಲಿಗೆ ಕಾದ ತಗಡು ಅದು. ಉಳಿದವರು ಮುಟ್ಟಿದ ಶಾಸ್ತ್ರ ಮಾಡಿ ಕೈ ತೆಗೆದರೆ ಭಾವನೊಬ್ಬರೇ ಮಾತು ಮುಗಿಯುವ ತನಕ ಊರಿಕೊಂಡೇ ಇದ್ದರಂತೆ. ಮನೆಗೆ ಬಂದು ಕೆಂಪಾದ ಅಂಗೈಯನ್ನು ನಮಗೆಲ್ಲ ತೋರಿಸಿದ್ದರು.

ಪ್ರತಿ ವರ್ಷ ಕಟ್ಟುಬೆಲೆ ಏರುತ್ತಿತ್ತು. ಬೆಲೆ ಏರಿದಂತೆ ಗೂಳಿಯ ಕೆಲಸ ಇಳಿಯಿತು. ಒಂದು ಗೀರು ಬಿದ್ದರೆ ಇಷ್ಟು ಹೋಯಿತು, ಮೀಟರು ಇಷ್ಟು ಓಡಿದರೆ ಅಷ್ಟು ಹೋಯಿತು ಎಂದು ಬಳಗದಲ್ಲಿ ಲೆಕ್ಕ. ಭಾವ ಒಂದು ಬಾಡಿಗೆ ಆಟೊದಲ್ಲಿ ಡೀಸೆಲ್ ಕ್ಯಾನುಗಳನ್ನು ಬೆಟ್ಟದ ಬುಡದ ತನಕ ಒಯ್ದು, ಅಲ್ಲಿಂದ ತುದಿಗೆ ಹೆಗಲ ಮೇಲೆ ಹೊರತೊಡಗಿದರು. ಬೆಟ್ಟ ಹತ್ತಲೆಂದೇ ಹುಟ್ಟಿದ ಗಾಡಿ ಶೆಡ್ಡಿನಲ್ಲಿ ಹೊದ್ದು ಮಲಗಿತ್ತು, ಧಣಿ ಕೂಲಿಯಾಗಿ ಬೆಟ್ಟ ಹತ್ತುತ್ತಿದ್ದರು. ನನ್ನ ಗಂಡ ಒಮ್ಮೆ, ಅಣ್ಣ, ಗಾಡಿನೇ ನಿನ್ನ ಮೇಲೆ ಕೂರಿಸ್ಕೊಂಡು ಹೋಗು, ಟೈರೂ ಸವೆಯಲ್ಲ ಎಂದಿದ್ದರು. ಭಾವ ನಗಲಿಲ್ಲ. ಅವರ ಬಲಗೈ ಆಗಲೇ ತಲೆಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ.

ಹೆಗಲ ಮೇಲೆ ಹೊತ್ತದ್ದು ಹೊತ್ತಿಗೆ ಸರಿಯಾಗಿ ತಲುಪುವುದುಂಟೇ. ಒಂದು ಮಳೆಗಾಲ ಎರಡು ಟವರು ಆರಿ ಕೂತವು. ಗುತ್ತಿಗೆ ಬೇರೆಯವರಿಗೆ ಹೋಯಿತು. ಭಾವ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅವರ ತತ್ತ್ವ ಸಿದ್ಧವಿತ್ತು. ಬೇರೆ ಗಾಡಿ ದುಡಿದರೆ ಬೆಲೆ, ಗೂಳಿ ನಿಂತರೆ ಬೆಲೆ ಎನ್ನುತ್ತಿದ್ದರು.

"ಹಾಗಾದ್ರೆ ನೀನೂ ನಿಂತೇ ಇರೋ," ಎಂದರು ಅತ್ತೆ. "ನಿನಗೂ ಒಂದು ಬೆಲೆ ಬರ್ಲಿ."

ಇಷ್ಟಾದರೂ ಭಾವನ ಸಂಸಾರ ನಡೆದದ್ದು ಅಕ್ಕನಿಂದ. ಅಕ್ಕ ಅಂದರೆ ಭಾವನ ಹೆಂಡತಿ, ನನ್ನ ಓರಗಿತ್ತಿ. ಪೇಟೆಬೀದಿಯಲ್ಲಿ ಔಷಧಿ ಅಂಗಡಿಯ ಪಕ್ಕ ಅವಳದೊಂದು ಹೊಲಿಗೆ ಕೋಣೆ. ಎರಡು ಮಿಷನ್ನು, ಕತ್ತರಿಸುವ ಮೇಜು, ಗೋಡೆಗೆ ಉದ್ದ ಕನ್ನಡಿ, ಬಟ್ಟೆ ಹಾಕಿ ನೋಡಲು ಮೂಲೆಯಲ್ಲಿ ಪರದೆ. ಬೀದಿಯ ಕಡೆ ಪೂರ್ತಿ ಗಾಜು. ಬೆಳಗಿನಿಂದ ಸಂಜೆಯ ತನಕ ಸೂಜಿಯ ಮೊನೆಯ ಮೇಲೆ ಬೆಳಕು. ಔಷಧಿಗೆ ಬಂದವರು ಕಾಯುತ್ತ ಗಾಜಿನೊಳಗೆ ಇಣುಕಿ, ಇಣುಕಿದವರು ಒಳಗೆ ಬಂದು, ಬಂದವರು ಅಳತೆ ಕೊಟ್ಟು ಹೋಗುತ್ತಿದ್ದರು. ಅಕ್ಕನ ಗಿರಾಕಿಗಳಲ್ಲಿ ಅರ್ಧ ಹಾಗೆ ಬಂದವರೇ. ಅಕ್ಕ ಭಾವನ ಮಗಳು ಹಾಸ್ಟೆಲ್ಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದದ್ದು ಆ ಗಾಜಿನ ಪುಣ್ಯದಿಂದ.

ಕೋಣೆಯ ಒಡತಿ ಮೇಲಿನ ಮಹಡಿಯ ಅಜ್ಜಿ. ಕಳೆದ ವರ್ಷ ಮಳೆ ಶುರುವಾಗುವ ಹೊತ್ತಿಗೆ ಅಜ್ಜಿ ಅಕ್ಕನನ್ನು ಕರೆದು, ತಾನು ಮಗಳ ಊರಿಗೆ ಹೋಗಿಬಿಡುತ್ತೇನೆ, ಕೋಣೆ ಮಾರುತ್ತೇನೆ ಎಂದರು. ಫೋನಿನ ಕವರು ಮಾರುವವರೊಬ್ಬರು ಆಗಲೇ ಕೇಳಿದ್ದಾರೆ, ಆದರೆ ಮೊದಲು ನಿನಗೆ. ಮಳೆ ನಿಲ್ಲುವ ತನಕ ಕಾಯುತ್ತೇನೆ, ಅಷ್ಟರೊಳಗೆ ಕೊಂಡರೆ ನಿನ್ನದು, ಇಲ್ಲದಿದ್ದರೆ ಖಾಲಿ ಮಾಡಿಕೊಡು. ಅಜ್ಜಿಯಲ್ಲಿ ಸುಳ್ಳೂ ಇರಲಿಲ್ಲ, ದಾಕ್ಷಿಣ್ಯವೂ ಇರಲಿಲ್ಲ.

ಅವತ್ತು ಊಟಕ್ಕೆ ಕೂತಾಗ ಅಕ್ಕ ಒಂದೇ ಮಾತು ಹೇಳಿದಳು. "ಗಾಡಿ ಮಾರಿ."

ಭಾವ ಸಿಟ್ಟಾಗುತ್ತಾರೆ ಎಂದು ನಾನು ನನ್ನ ಎರಡನೇ ಮಗುವನ್ನು ಎತ್ತಿಕೊಂಡು ಏಳಲು ಸಿದ್ಧಳಾಗಿದ್ದೆ. ಅವರು ಸಿಟ್ಟಾಗಲಿಲ್ಲ, ಹಿಗ್ಗಿದರು. ಇಷ್ಟು ವರ್ಷ ಕಾದದ್ದು ಇಂಥ ದಿನಕ್ಕೇ ಅಲ್ಲವೇ ಎಂದರು. ಕಟ್ಟುಬೆಲೆಗೆ ಮಾರಿದರೆ ಕೋಣೆ ಬಂದು, ಮಿಕ್ಕಿದ್ದರಲ್ಲಿ ಮೂರನೇ ಮಿಷನ್ನೂ ಬರುತ್ತದೆ ಎಂದು ಲೆಕ್ಕ ಒಪ್ಪಿಸಿದರು. ಅಕ್ಕ ಅವರ ತಟ್ಟೆಗೆ ಇನ್ನೊಂದಿಷ್ಟು ಬಡಿಸಿದಳು. ಅವರಿಬ್ಬರೂ ಒಟ್ಟಿಗೆ ನಕ್ಕದ್ದನ್ನು ನಾನು ಅವತ್ತು ಕಂಡೆ.

ನೋಡಲು ಜನ ಬಂದರು. ಬರುವವರಿಗೇನೂ ಕೊರತೆಯಿರಲಿಲ್ಲ. ಬಾನೆಟ್ಟು ಸವರಿ, ಸೀಟಿನಲ್ಲಿ ಕೂತು, ಗಾಡಿಯ ಮುಂದೆ ತೋಳು ಕಟ್ಟಿ ಫೋಟೊ ತೆಗೆಸಿಕೊಂಡು, ಚಹಾ ಕುಡಿದು, ಬೆಲೆ ಕೇಳಿ, ಹೆಂಡತಿಯನ್ನು ಕೇಳಿ ಹೇಳುತ್ತೇವೆ ಎಂದು ಹೋದರು. ಹೋದವರ ಹೆಂಡತಿಯರು ಯಾರೂ ಒಪ್ಪಲಿಲ್ಲ. ನನ್ನ ಗಂಡ, ಅಣ್ಣ, ಚಹಾದ ಬದಲು ಟಿಕೆಟ್ ಇಡು ಎಂದರು. ಮಗುವಿಗೆ ಉಣ್ಣಿಸುತ್ತ ನಾನು ದಿನಾ ಇದನ್ನೇ ನೋಡುತ್ತಿದ್ದವಳು, ಒಂದು ದಿನ ತಡೆಯಲಾರದೆ ಕೇಳಿದೆ.

"ಭಾವ, ಈ ಬೆಲೆಗೆ ಇಲ್ಲಿತನಕ ಯಾರು ಮಾರಿದಾರೆ?"

"ಯಾರೂ ಮಾರಿಲ್ಲಮ್ಮ," ಎಂದರು ಭಾವ, ನನ್ನ ಅಜ್ಞಾನಕ್ಕೆ ಮರುಗುವವರಂತೆ. "ಅದಕ್ಕೇ ಅಷ್ಟು ಬೆಲೆ ಇರೋದು."

ನಾನು ಮಗುವಿನ ಬಾಯಿ ಒರೆಸಿದೆ. ಇನ್ನೇನು ಮಾಡಲಿ.

ಮಳೆಗಾಲ ಅರ್ಧ ಕಳೆದ ಮೇಲೆ ಕಲ್ಲುಕ್ವಾರಿಯ ಮಾಲೀಕರು ಬಂದರು. ಅವರು ಬಾನೆಟ್ಟು ಸವರಲಿಲ್ಲ. ನೆಲದ ಮೇಲೆ ಒಂದು ಗೋಣಿ ಹಾಸಿಕೊಂಡು ಗಾಡಿಯ ಅಡಿಗೆ ಜಾರಿದರು. ಹೊರಗೆ ಬಂದು ಬೆನ್ನು ಕೊಡವಿಕೊಂಡು, ಕ್ವಾರಿಯ ಮೇಲ್ಮಟ್ಟಕ್ಕೆ ನೀರು, ಡೀಸೆಲ್ಲು ಏರಿಸಬೇಕು, ಬೇರೆ ಯಾವ ಗಾಡಿಯೂ ಅಲ್ಲಿ ನಿಲ್ಲುತ್ತಿಲ್ಲ, ಅದಕ್ಕೇ ಇದು ಬೇಕು ಎಂದರು. ಅವರು ಹೇಳಿದ ಬೆಲೆ ಕಟ್ಟುಬೆಲೆಗಿಂತ ಬಹಳ ಕೆಳಗೆ. ಆದರೆ ಅಜ್ಜಿಯ ಕೋಣೆಗೂ ಅದರ ನೋಂದಣಿಗೂ ಸರಿಹೋಗುತ್ತಿತ್ತು. ಮೂರನೇ ಮಿಷನ್ನು ಬರುತ್ತಿರಲಿಲ್ಲ, ಅಷ್ಟೇ.

ಭಾವನ ಮುಖ ಬಾಡಿತು. ನೀರು ಹೊರೋಕಾ ಎಂದು ಕೇಳಿದರು. ಕ್ವಾರಿಯವರಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಗಾಡಿ ಅಲ್ವಾ ಎಂದರು. ಅಕ್ಕ ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡೇ ಬಾಗಿಲಲ್ಲಿ ನಿಂತಿದ್ದಳು. ಭಾವನನ್ನೇ ನೋಡಿದಳು. ಭಾವ ಒಪ್ಪಿದರು. ಸೋಮವಾರ ಮುಂಗಡ ತರುತ್ತೇನೆ ಎಂದು ಕ್ವಾರಿಯವರು ಹೋದರು. ಅಕ್ಕ ಆ ಸಂಜೆ ಅಜ್ಜಿಗೆ ಹೇಳಿ ಬಂದಳು, ಬರುವಾಗ ಗಾಜಿಗೆ ಹೊಸ ಪರದೆಯ ಅಳತೆಯನ್ನೂ ತೆಗೆದುಕೊಂಡು ಬಂದಳು.

ಭಾವ ತಾವಾಗಿಯೇ ಬಳಗಕ್ಕೆ ತಿಳಿಸದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಬಾನೆಟ್ಟಿನ ಮೇಲೆ ಕೈಯಿಟ್ಟು ಮಾತು ಕೊಟ್ಟ ಮನುಷ್ಯ, ಹೇಳದೆ ಮಾರುವುದು ಕಳ್ಳತನ ಎಂದುಕೊಂಡರು. ಹೇಳಿದರು. ಭಾನುವಾರ ಬೆಳಿಗ್ಗೆಯೇ ಡಾಕ್ಟರು, ಸಿಮೆಂಟ್ ವ್ಯಾಪಾರಿ, ಫೋಟೊದವರು ಮೂವರೂ ನಮ್ಮ ಬಾಗಿಲಿಗೆ ಬಂದಿಳಿದರು.

ಡಾಕ್ಟರದು ಬೆಣ್ಣೆಯಲ್ಲಿ ಕೂದಲು ತೆಗೆಯುವಂಥ ಮಾತು. ಮೊದಲು ಮಗುವನ್ನು ಮಾತಾಡಿಸಿದರು, ಹಲ್ಲು ಬಂದಿದೆಯೇ ಎಂದು ನೋಡಿದರು, ಅತ್ತೆಯ ಮಂಡಿನೋವು ವಿಚಾರಿಸಿದರು. ಆಮೇಲೆ ಭಾವನ ಕಡೆ ತಿರುಗಿದರು.

"ನೀವು ಇವತ್ತು ಆ ಬೆಲೆಗೆ ಕೊಟ್ರೆ ನಾಳೆಯಿಂದ ನಮ್ಮೆಲ್ಲರ ಗಾಡಿಗೂ ಅದೇ ಬೆಲೆ. ಒಂದು ಕೋಣೆಗೋಸ್ಕರ ಇಷ್ಟು ಜನರ ಮನೆಗೆ ಕನ್ನ ಹಾಕ್ತೀರಾ?"

ಭಾವ ತಲೆ ತಗ್ಗಿಸಿದರು. ಮಾತಾಡಿದ್ದು ಅಕ್ಕ. "ಹಾಗಾದ್ರೆ ನೀವೇ ತಗೊಳ್ಳಿ ಡಾಕ್ಟ್ರೇ. ಕಟ್ಟುಬೆಲೆ ಬೇಡ. ಕ್ವಾರಿಯವರು ಹೇಳಿದಷ್ಟೇ ಕೊಡಿ."

"ಅಮ್ಮ, ನನ್ನ ಹತ್ರ ಒಂದಿದೆಯಲ್ಲ," ಎಂದು ಡಾಕ್ಟರು ನಕ್ಕರು.

ಅಕ್ಕ ಸಿಮೆಂಟಿನವರನ್ನು ನೋಡಿದಳು. ಅವರು ಚಹಾದ ಲೋಟದೊಳಗೆ ನೋಡಿಕೊಂಡರು. ಫೋಟೊದವರಿಗೆ ಅಷ್ಟು ಹೊತ್ತಿಗೆ ಸರಿಯಾಗಿ ಒಂದು ಫೋನು ಬಂತು, ಅಂಗಳಕ್ಕೆ ಹೋದರು. ಡಾಕ್ಟರು ಮುಂದಕ್ಕೆ ಬಾಗಿ ಭಾವನ ಮಂಡಿಯ ಮೇಲೆ ಕೈಯಿಟ್ಟು, ಇನ್ನೊಂದು ಸ್ವಲ್ಪ ದಿನ ತಡೆಯಿರಿ, ಬಳಗವೇ ಸೇರಿ ಕಟ್ಟುಬೆಲೆಗೆ ಒಬ್ಬರನ್ನು ಹುಡುಕಿ ಕೊಡುತ್ತದೆ ಎಂದರು. ಭಾವ ಆಗಲೂ ತಲೆ ಎತ್ತಲಿಲ್ಲ. ಆಗ ಡಾಕ್ಟರು ಕಡೆಯ ಮಾತು ಹೇಳಿದರು.

"ನಮ್ಮಲ್ಲಿ ನಿಜವಾಗಿ ಬೆಟ್ಟ ಹತ್ತಿದವರು ನೀವೊಬ್ರೇ. ನಾವೆಲ್ಲ ಷೋಕಿಗೆ ಇಟ್ಕೊಂಡೋರು. ನೀವೇ ಮಾತು ತಪ್ಪಿದ್ರೆ ಈ ಗಾಡಿಗೆ ಇನ್ಯಾರು ಮರ್ಯಾದೆ ಕೊಡ್ತಾರೆ?"

ಭಾವ ತಲೆ ಎತ್ತಿದರು. ಅವರ ಕಣ್ಣು ತುಂಬಿದ್ದು ನನಗೆ ಕಂಡಿತು. ಅವರನ್ನು ಆ ಮನೆಯೊಳಗೆ ಯಾರಾದರೂ ಹೊಗಳಿ ವರ್ಷಗಳೇ ಆಗಿದ್ದವು. ನಾವು ಯಾರೂ ಹೊಗಳಿರಲಿಲ್ಲ. ಹಸಿದವನ ಮುಂದೆ ಎಲೆ ಹಾಕಿದ ಹಾಗೆ ಆಯಿತು. ಅಕ್ಕನಿಗೂ ಅದು ಅರ್ಥವಾಯಿತು, ಎದ್ದು ಒಳಗೆ ಹೋದಳು. ಸೋಮವಾರ ಕ್ವಾರಿಯವರು ಮುಂಗಡದ ಜೊತೆ ಬಂದಾಗ ಭಾವ ಆಗುವುದಿಲ್ಲ ಎಂದರು. ಅವರು ಕಿವಿ ಕೆರೆದುಕೊಂಡು, ನಿಮ್ಮ ಗಾಡಿ, ನಿಮ್ಮಿಷ್ಟ ಎಂದು ಹೊರಟರು.

ಸ್ವಲ್ಪ ದಿನ ಕಳೆಯಿತು, ಇನ್ನೂ ಸ್ವಲ್ಪ ದಿನ ಕಳೆಯಿತು. ಬಳಗದಿಂದ ಯಾರೂ ಬರಲಿಲ್ಲ. ಮಳೆ ನಿಂತಿತು. ಕೋಣೆ ಫೋನ್ ಕವರಿನವರ ಪಾಲಾಯಿತು.

ಅಕ್ಕ ಸಾಮಾನು ತಂದ ದಿನ ಬೀದಿಯೇ ಬಾಗಿಲಲ್ಲಿ ನಿಂತು ನೋಡಿತು. ಶೆಡ್ಡಿನಲ್ಲಿ ಅಷ್ಟು ದೊಡ್ಡ ತೊಟ್ಟಿಯ ಗಾಡಿ ಇತ್ತು. ಅಕ್ಕ ಅದನ್ನು ಕೇಳಲಿಲ್ಲ. ಒಂದು ತಳ್ಳುಗಾಡಿ ಬಾಡಿಗೆಗೆ ಹಿಡಿದಳು. ಅವಳು ಮುಂದೆ, ನಾನು ಹಿಂದೆ, ಮೇಲೆ ಎರಡು ಮಿಷನ್ನು, ಬೋರಲು ಮಲಗಿಸಿದ ಮೇಜು. ಕನ್ನಡಿಯನ್ನು ನನ್ನ ಗಂಡ ಅಪ್ಪಿಕೊಂಡು ನಡೆದು ಬಂದರು. ಮನೆ ಮುಟ್ಟುವ ಹೊತ್ತಿಗೆ ಭಾವ ಗೂಳಿಯ ಹೊದಿಕೆ ತೆಗೆದು, ಕೀಲಿ ಕೈಯಲ್ಲಿ ಹಿಡಿದು, ಹೊರಡಲು ಸಿದ್ಧರಾದವರಂತೆ ನಿಂತಿದ್ದರು. ಅತ್ತೆ ಜಗುಲಿಯಿಂದಲೇ ಹೇಳಿದರು.

"ಮುಚ್ಚಿಡೋ ಅದನ್ನ. ಗಾಳಿ ತಾಗಿ ಬೆಲೆ ಇಳಿದೀತು."

ಮನೆಯೊಳಗೆ ಜಾಗವಿರಲಿಲ್ಲ. ಮಿಷನ್ನುಗಳು ಶೆಡ್ಡಿಗೇ ಹೋದವು, ಗೂಳಿಯ ಬಾಲಕ್ಕೂ ಗೋಡೆಗೂ ನಡುವೆ ಉಳಿದ ಸಂದಿಗೆ. ಶೆಡ್ಡಿನ ಒಂದೇ ಕಿಟಕಿ ಆಚೆ ತುದಿಯಲ್ಲಿ, ಗಾಡಿಯ ಮೂತಿಯ ಹತ್ತಿರ. ಬೆಳಕು ಬಂದರೆ ಗಾಡಿಯ ಮೇಲೆ ಹತ್ತಿ ಇಳಿದು ಬರಬೇಕು, ಬರುತ್ತಿರಲಿಲ್ಲ. ಅಕ್ಕ ಹಗಲೇ ಬಲ್ಬು ಹಾಕಿಕೊಂಡು ಹೊಲಿದಳು. ಕಪ್ಪು ದಾರ ಯಾವುದು, ನೀಲಿ ಯಾವುದು ಎಂದು ನನ್ನನ್ನು ಕೂಗಿ ಕೇಳುವಳು. ಗಾಜಿನೊಳಗೆ ಇಣುಕಿ ಬರುತ್ತಿದ್ದ ಗಿರಾಕಿಗಳು ಹಿಂದಿನ ಬೀದಿಯ ತಗಡಿನ ಶೆಡ್ಡಿಗೆ ಯಾಕೆ ಬಂದಾರು. ಹಾಸ್ಟೆಲ್ಲಿನ ಮಗಳು ರಜೆಗೆ ಬಂದವಳು ಅಪ್ಪನ ಜೊತೆ ಒಂದೂ ಮಾತಾಡದೆ ಹೋದಳು.

ಹೀಗಿರುವಾಗ ನನ್ನ ಗಂಡ ಯಾವುದೋ ಕೆಲಸದ ಮೇಲೆ ಕ್ವಾರಿಯ ರಸ್ತೆಯಲ್ಲಿ ಬರುತ್ತಿದ್ದಾಗ ಎದುರಿಗೆ ಒಂದು ಗೂಳಿ ಬಂತು. ತೊಟ್ಟಿಯಲ್ಲಿ ನೀರಿನ ಟ್ಯಾಂಕು, ಮೈಯೆಲ್ಲ ಕಲ್ಲಿನ ಪುಡಿ, ಬಾಗಿಲ ಮೇಲೆ ನಗುವ ಹಲ್ಲು. ಮನೆಗೆ ಬಂದು ಹೇಳಲೋ ಬೇಡವೋ ಎಂದು ಎರಡು ಸಲ ನೀರು ಕುಡಿದರು. ಆಮೇಲೆ ಹೇಳಿದರು.

ಭಾವ ಚಪ್ಪಲಿ ಮೆಟ್ಟಿ ಆಗಲೇ ಹೊರಟರು. ಅವರೊಬ್ಬರನ್ನೇ ಬಿಡಲು ಮನಸ್ಸಾಗದೆ ನನ್ನ ಗಂಡನೂ ಹೋದರು. ಕ್ವಾರಿಯವರು ಮುಚ್ಚುಮರೆ ಮಾಡಲಿಲ್ಲ. ಭಾವ ಆಗುವುದಿಲ್ಲ ಎಂದ ಆ ಸೋಮವಾರ ಸಂಜೆಯೇ ಡಾಕ್ಟರು ತಾವಾಗಿ ಫೋನು ಮಾಡಿದ್ದರಂತೆ. ಭಾವನಿಗೆ ಹೇಳಿದ್ದಕ್ಕಿಂತಲೂ ಕಡಿಮೆಗೆ ಕೊಟ್ಟರಂತೆ. ಈ ಗಾಡಿ ಬೇಕು ಎನ್ನುವವರು ಇಡೀ ಸುತ್ತಮುತ್ತಲಲ್ಲಿ ಒಬ್ಬರೇ ಇದ್ದಾರೆ ಎಂಬುದು ಬಳಗದಲ್ಲಿ ಡಾಕ್ಟರೊಬ್ಬರಿಗೇ ಹೊಳೆದಿತ್ತು.

"ನಮ್ಮದೂ ತಗೊಳ್ಳಿ," ಎಂದರಂತೆ ಭಾವ. "ಡಾಕ್ಟ್ರಿಗೆ ಕೊಟ್ಟಷ್ಟೇ ಕೊಡಿ."

"ಒಂದು ಬಾವಿಗೆ ಎಷ್ಟು ಹಗ್ಗ ಬೇಕು?" ಎಂದರಂತೆ ಕ್ವಾರಿಯವರು. ಕೆಟ್ಟತನದಿಂದಲ್ಲ, ಲೆಕ್ಕದಿಂದ. ಆಮೇಲೆ ಭಾವನನ್ನು ಮೇಲಿಂದ ಕೆಳಗೆ ನೋಡಿ, ಈ ಗಾಡಿಯನ್ನು ಆ ಏರಿನಲ್ಲಿ ಹಿಡಿಯಲು ನಮ್ಮ ಹುಡುಗರಿಗೆ ಬರುತ್ತಿಲ್ಲ, ನೀವು ಓಡಿಸುತ್ತೀರಾ, ವಾರದ ಕೂಲಿ ಕೊಡುತ್ತೇನೆ ಎಂದು ಕೇಳಿದರು.

ದಾರಿಯಲ್ಲೇ ಭಾವ ಡಾಕ್ಟರಿಗೆ ಫೋನು ಮಾಡಿದರು. ಡಾಕ್ಟರು ತಡವರಿಸಲಿಲ್ಲ, ಕ್ಲಿನಿಕ್ಕಿಗೆ ಹೊಸ ಕುರ್ಚಿ ತರಿಸಬೇಕಿತ್ತು, ಪರಿಸ್ಥಿತಿ ಹಾಗಿತ್ತು ಎಂದರು. ಬೇಜಾರು ಮಾಡಿಕೊಳ್ಳಬೇಡಿ, ಹಲ್ಲೇನಾದರೂ ನೋವಿದ್ದರೆ ಬನ್ನಿ, ನಿಮ್ಮ ಹತ್ತಿರ ಫೀಸು ತೆಗೆದುಕೊಳ್ಳುವುದಿಲ್ಲ ಎಂದೂ ಸೇರಿಸಿದರು. ಭಾವ ಫೋನು ಹಿಡಿದು ತುಂಬ ಹೊತ್ತು ರಸ್ತೆ ಬದಿಯಲ್ಲೇ ಕೂತಿದ್ದರು ಎಂದು ನನ್ನ ಗಂಡ ಹೇಳಿದರು. ಅವರ ಬಗ್ಗೆ ತಮಾಷೆ ಮಾಡುವುದನ್ನು ನನ್ನ ಗಂಡ ಬಿಟ್ಟದ್ದು ಅವತ್ತಿನಿಂದ.

ಸುದ್ದಿ ಬಳಗಕ್ಕೆ ತಲುಪಿದ ಮೇಲೆ ಕಟ್ಟುಬೆಲೆ ಎಂಬುದು ಕಟ್ಟೆ ಒಡೆದ ಕೆರೆ. ಎಲ್ಲರೂ ಒಟ್ಟಿಗೆ ಮಾರಲು ನಿಂತರು. ಒಬ್ಬರು ಇಳಿಸಿದರೆ ಇನ್ನೊಬ್ಬರು ಇನ್ನೂ ಇಳಿಸಿದರು. ಕೊಳ್ಳುವವರೇ ಇಲ್ಲದ ಸಂತೆಯಲ್ಲಿ ಎಷ್ಟು ಇಳಿಸಿದರೇನು. ಮುಂದಿನ ಕೂಟಕ್ಕೆ ಯಾರೂ ಯಾರನ್ನೂ ಕರೆಯಲಿಲ್ಲ.

ಭಾವ ಕೂಲಿಗೆ ಹೋದರು. ತಮ್ಮ ಗೂಳಿಯನ್ನು ಶೆಡ್ಡಿನಲ್ಲಿ ಬಿಟ್ಟು ಡಾಕ್ಟರ ಗೂಳಿಯಲ್ಲಿ ನೀರು ಹೊತ್ತರು. ಬೇರೆಯವರ ದನ ಕಾಯೋಕೆ ಹೋದ ಎಂದರು ಅತ್ತೆ. ಅಕ್ಕ ಮಾತ್ರ ಬೆಳಿಗ್ಗೆ ಅವರ ಊಟದ ಡಬ್ಬಿ ಕಟ್ಟಿ, ಬಾನೆಟ್ಟಿನ ಮೇಲೆ ಇಟ್ಟುಬಿಡುತ್ತಿದ್ದಳು. ಕೈಗೆ ಕೊಡುತ್ತಿರಲಿಲ್ಲ.

ಡಾಕ್ಟರ ಗಾಡಿ ವರ್ಷಗಟ್ಟಲೆ ಮುಚ್ಚಿಟ್ಟು ಒಣಗಿದ ಗಾಡಿ. ದುಡಿಮೆಗೆ ಬಿದ್ದದ್ದೇ ಒಂದೊಂದಾಗಿ ಕೈಕೊಟ್ಟಿತು. ಮೊದಲು ಮುಂದಿನ ಆಕ್ಸೆಲ್ಲು ಮುರಿಯಿತು. ಕಂಪನಿಯಲ್ಲಿ ಬಿಡಿಭಾಗವಿಲ್ಲ, ಗುಜರಿಯಲ್ಲೂ ಇಲ್ಲ. ಕ್ವಾರಿಯವರು ನೇರ ನಮ್ಮ ಶೆಡ್ಡಿಗೆ ಬಂದರು. ಭಾವ ಅವರ ಹಿಂದೆ ತಲೆ ಬಗ್ಗಿಸಿ ನಿಂತಿದ್ದರು, ಕೆಲಸಗಾರ ಮಾಲೀಕನ ಹಿಂದೆ ನಿಲ್ಲುವಂತೆ. ಕ್ವಾರಿಯವರು ಕೇಳಬೇಕಾದದ್ದನ್ನು ಭಾವನನ್ನು ಕೇಳದೆ ಅಕ್ಕನನ್ನು ಕೇಳಿದರು. ಅದು ನನಗೆ ಈಗಲೂ ವಿಚಿತ್ರವೆನಿಸುತ್ತದೆ, ಅವರಿಗೆ ಯಾರು ಹೇಳಿದ್ದರೋ.

ಅಕ್ಕ ಮಿಷನ್ನಿನ ಚಕ್ರಕ್ಕೆ ಕೈಯಿಟ್ಟು ನಿಲ್ಲಿಸಿದಳು. "ಇಡೀ ಗಾಡಿ ಬೇಡ ಅಂದ್ರಿ. ಈಗ ಕಾಲು ಬೇಕಾ?"

ಅವಳು ಹೇಳಿದ ಬೆಲೆಗೆ ಕ್ವಾರಿಯವರು ಹುಬ್ಬೇರಿಸಿದರು. ಬೇರೆ ಕಡೆ ನೋಡುತ್ತೇನೆ ಎಂದರು. ನೋಡಿ ಎಂದಳು. ಎರಡು ದಿನ ಕ್ವಾರಿಯ ಮೇಲ್ಮಟ್ಟಕ್ಕೆ ನೀರು ಏರಲಿಲ್ಲ, ಮೂರನೇ ದಿನ ಕೊಟ್ಟು ಒಯ್ದರು. ಆಕ್ಸೆಲ್ಲನ್ನು ಬಿಚ್ಚಿಕೊಟ್ಟದ್ದು ಭಾವ. ಗೂಳಿ ಮುಂದಕ್ಕೆ ಮಂಡಿಯೂರಿ ಇಟ್ಟಿಗೆಗಳ ಮೇಲೆ ಕೂತಿತು.

ಆಮೇಲೆ ಅದು ವಾಡಿಕೆಯಾಯಿತು. ಗೇರ್‌ಬಾಕ್ಸು ಹೋಯಿತು, ರೇಡಿಯೇಟರು ಹೋಯಿತು. ತಮ್ಮ ಗಾಡಿಗಳನ್ನು ಮಾರಲಾರದೆ ಓಡಿಸಲು ಶುರುಮಾಡಿದ ಸಿಮೆಂಟಿನವರೂ ಫೋಟೊದವರೂ ಒಂದೊಂದು ಭಾಗಕ್ಕೆ ಬಂದು ಅಕ್ಕನ ಮುಂದೆ ಸ್ಟೂಲಿನ ಮೇಲೆ ಕೂತರು. ಫೋಟೊದವರು ಎದುರಿನ ಗಾಜಿಗೆ ಸ್ವಲ್ಪ ಕಡಿಮೆ ಮಾಡಮ್ಮ, ನಾವು ನಿಮ್ಮವರ ಸ್ನೇಹಿತರು ಎಂದಾಗ ಅಕ್ಕ ಬೆಲೆ ಏರಿಸಿದಳು. ಬಿಡಿಯಾಗಿ ಲೆಕ್ಕ ಹಾಕಿದರೆ ಗೂಳಿ ತನ್ನ ಬೆಲೆಯನ್ನು ಚೆನ್ನಾಗಿಯೇ ಉಳಿಸಿಕೊಂಡಿದೆ. ಭಾವ ಹೇಳಿದ್ದು ಸುಳ್ಳಲ್ಲ. ಆದರೆ ಅಜ್ಜಿಯ ಕೋಣೆಯಲ್ಲಿ ಈಗ ಫೋನಿನ ಕವರುಗಳು ಬಣ್ಣಬಣ್ಣವಾಗಿ ನೇತಾಡುತ್ತಿವೆ, ಮಾರುವ ಮನಸ್ಸು ಕವರಿನವರಿಗಿಲ್ಲ. ಪೇಟೆಬೀದಿಯಲ್ಲಿ ಅಂಥ ಬೇರೆ ಕೋಣೆಯೂ ಇಲ್ಲ.

ಭಾವ ವಾರವಿಡೀ ಕ್ವಾರಿಯಲ್ಲಿ ದುಡಿದು ಭಾನುವಾರ ಶೆಡ್ಡಿನಲ್ಲಿ ಬಿಚ್ಚುತ್ತಾರೆ. ಎಳೆದು ಕೀಳುವುದಿಲ್ಲ. ಪ್ರತಿ ನಟ್ಟಿಗೂ ಎಣ್ಣೆ ಬಿಟ್ಟು, ಅದು ಸಡಿಲವಾಗುವ ತನಕ ಕಾದು, ಬಟ್ಟೆಯಲ್ಲಿ ಒರೆಸಿ ಸಾಲಾಗಿ ಇಡುತ್ತಾರೆ. ಏಳದ ಬಲಗೈಯನ್ನು ಎಡಗೈಯಿಂದ ಎತ್ತಿ ಹಿಡಿದು ಸ್ಪ್ಯಾನರ್ ತಿರುಗಿಸುವುದನ್ನು ನೋಡಿ ನಾನು ಒಮ್ಮೆ ಬಿಸಿನೀರಿನ ಚೀಲ ಕೊಟ್ಟೆ. ತೆಗೆದುಕೊಂಡರು. ಗಾಡಿ ಕುಗ್ಗಿದಂತೆ ಅಕ್ಕ ಮೇಜನ್ನು ಮುಂದಕ್ಕೆ ಸರಿಸಿದಳು, ಎರಡನೇ ಮಿಷನ್ನು ಗೋಡೆ ಬಿಟ್ಟು ಈಚೆ ಬಂತು. ಕಿಟಕಿಯ ಬೆಳಕು ದಿನಕ್ಕಿಷ್ಟು ಒಳಗೆ ಬರತೊಡಗಿತು. ಗಿರಾಕಿಗಳೂ ಒಬ್ಬೊಬ್ಬರಾಗಿ ಬರುತ್ತಿದ್ದಾರೆ. ಮೊದಲಿನಷ್ಟಲ್ಲ, ಬರುತ್ತಿದ್ದಾರೆ.

ಹೋದ ಭಾನುವಾರ ಕ್ಯಾಬಿನ್ನಿನ ಸರದಿ. ಸಿಮೆಂಟಿನವರ ಗಾಡಿ ಎಲ್ಲೋ ಮಗುಚಿ ಅವರಿಗೆ ಇಡೀ ಕ್ಯಾಬಿನ್ನೇ ಬೇಕಾಗಿತ್ತು, ಆಳುಗಳು ಹೊರಗೆ ಲಾರಿಯ ಹತ್ತಿರ ಕಾಯುತ್ತಿದ್ದರು. ನಾನು ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಅಕ್ಕನಿಗೆ ಗುಂಡಿ ಹಚ್ಚಿಕೊಡುತ್ತಿದ್ದೆ. ಭಾವ ಒಂದೊಂದಾಗಿ ಬಿಚ್ಚುತ್ತ ಬಂದು ಕೊನೆಯ ಬೋಲ್ಟಿನ ಮುಂದೆ ಕೂತರು. ಕೂತವರು ಅಲ್ಲೇ ಉಳಿದರು. ಬೋಲ್ಟು ತುಕ್ಕು ಹಿಡಿದಿರಲಿಲ್ಲ, ಸ್ಪ್ಯಾನರೂ ಕೈಯಲ್ಲೇ ಇತ್ತು.

ಅಕ್ಕ ಹೊಲಿಗೆಯಿಂದ ತಲೆ ಎತ್ತಲಿಲ್ಲ.

"ಬೇಗ ಬಿಚ್ಚಿ," ಎಂದಳು. "ಹೊತ್ತು ಮುಳುಗೋದ್ರೊಳಗೆ ನಾನು ಈ ತೋಳು ಮುಗಿಸ್ಬೇಕು. ನೀವು ಬೆಳಕಿಗೆ ಅಡ್ಡ ಕೂತಿದೀರಿ."

ಭಾವ ಪಕ್ಕಕ್ಕೆ ಸರಿದು, ಬಗ್ಗಿ, ಬಿಚ್ಚಿದರು.